ಬೇಡ ಎಂದ ಸೊಸೆ

“ಅದೇನು ಓದಿದ್ಯೋ ಏನೋ, ಮನೆಗೆ ಬರೋ ಲಕ್ಷ್ಮೀನ ಬಾಗಿಲಲ್ಲೇ ತಡೆದು ಕಳಿಸ್ದೆ,” ಎನ್ನುತ್ತಾ ಅತ್ತೆ ಮಗುವನ್ನು ಸೊಸೆಯ ತೊಡೆಯ ಮೇಲೆ ಇಳಿಸಿ ಎದ್ದುಬಿಟ್ಟರು. “ತಗೋ. ನಿನ್ನ ಮಗು, ನೀನೇ ನೋಡ್ಕೋ.”

ಸೊಸೆಯ ಹಣಕಾಸು ಅರ್ಥಶಾಸ್ತ್ರದ ಎಂ.ಎ. ಮುಗಿಯಲು ಇನ್ನೊಂದೇ ಸೆಮಿಸ್ಟರ್ ಬಾಕಿ. ನಾಳೆಯಿಂದ ತರಗತಿ. ಗಂಡನಿಗೆ ಹಗಲು ಪಾಳಿ. ಅತ್ತೆ ಮಗುವನ್ನು ನೋಡಿಕೊಂಡರಷ್ಟೇ ಅವಳು ಹೊಸ್ತಿಲು ದಾಟಬಹುದು...

ಆದದ್ದಿಷ್ಟು. ಅತ್ತೆ ತಮ್ಮ ಹೊಲಿಗೆ ಅಂಗಡಿ ಮಾರಿದಾಗ, ಆ ದುಡ್ಡನ್ನೆಲ್ಲ ಒಂದೇ ಕಂಪನಿಯ ಷೇರಿಗೆ ಹಾಕೋಣವೆಂದರು ಭಾವ, ಗಂಡನ ಅಣ್ಣ. “ಮನೇಲೇ ಪಂಡಿತೆ ಇದ್ದಾಳಲ್ಲ, ಕೇಳೋಣ,” ಎಂದು ನಕ್ಕರು. ನಾಲ್ಕು ಜನರೆದುರು ಬಾಯಿ ಬಿಡದ ಅವಳು ಅಂದು ಮಗುವಿನ ಕಾಲುಚೀಲ ಹಿಂಡುತ್ತಾ, “ಎಲ್ಲಾ ಒಂದರಲ್ಲೇ ಬೇಡ ಅತ್ತೆ. ಹೋದ್ರೆ ಪೂರ್ತಿ ಹೋಗುತ್ತೆ,” ಎಂದಿದ್ದಳು. ಅತ್ತೆ ಕೈ ಹಿಂತೆಗೆದರು. ಕೆಲವೇ ತಿಂಗಳಲ್ಲಿ ಆ ಷೇರು ದುಪ್ಪಟ್ಟಾಯಿತು. ಅಂದಿನಿಂದ ಊಟಕ್ಕೆ ಕೂತಾಗಲೆಲ್ಲ ಭಾವ ಮೊಬೈಲ್ ತೆಗೆದು ಬೆಲೆ ಓದುತ್ತಿದ್ದರು. ಅತ್ತೆಯ ತುತ್ತು ತಟ್ಟೆಯಲ್ಲೇ ನಿಲ್ಲುತ್ತಿತ್ತು.

ಸೊಸೆ ಮಗುವನ್ನು ಹೆಗಲಿಗೇರಿಸಿ ಅಡುಗೆಮನೆಗೆ, ಅಲ್ಲಿಂದ ಕಿಟಕಿಗೆ, ಮತ್ತೆ ಅಡುಗೆಮನೆಗೆ ಸುತ್ತಿದಳು. ಮಗು ನಿದ್ದೆಹೋಯಿತು, ಅವಳ ಕಾಲು ಮಾತ್ರ ನಿಲ್ಲಲಿಲ್ಲ. ಗಂಡ ಹಿಂದೆಯೇ ಬಂದ.

“ತಪ್ಪಾಯ್ತು ಅಂದ್ಬಿಡೇ. ಅಮ್ಮನಿಗೆ ಅಷ್ಟು ಸಾಕು. ನಾಳೆ ನೀನು ಕ್ಲಾಸಲ್ಲಿರ್ತೀಯ.”

“ತಪ್ಪಾಗಿಲ್ವಲ್ರೀ.”

“ಬೆಲೆ ಏರಿದೆಯಲ್ಲೇ.”

“ಯಾರೋ ಕಣ್ಣು ಮುಚ್ಕೊಂಡು ರಸ್ತೆ ದಾಟಿದ್ರು, ಏನೂ ಆಗ್ಲಿಲ್ಲ ಅಂತ ನಿಮ್ಮ ಮಗುಗೂ ಹಾಗೇ ದಾಟು ಅಂತೀರಾ?”

ಗಂಡ ಮಗುವನ್ನು ಅವಳ ಹೆಗಲಿಂದ ಎತ್ತಿಕೊಂಡ.

ಅವಳು ಅತ್ತೆಯೆದುರು ಹೋಗಿ ನಿಂತಳು. ಒಂದೇ ಒಂದು ಮಾತು... ನಾಲಗೆಯ ತುದಿಯವರೆಗೂ ಬಂತು. ಅಷ್ಟು ದಿನದ ಓದೆಲ್ಲ ಆ ಮಾತಿಗೆ ಅಡ್ಡ ನಿಂತಿತು.

“ಇವತ್ತು ಕೇಳಿದ್ರೂ ಬೇಡ ಅಂತಾನೇ ಹೇಳ್ತೀನಿ ಅತ್ತೆ.”

“ಹಾಗಾದ್ರೆ ಮನೇಲಿರು.”

“ಆಗ್ಲಿ...” ಎಂದಳು.

ಮರುದಿನ ತರಗತಿಯ ಹೊತ್ತಿಗೆ ಅವಳು ಮಗುವಿಗೆ ಗಂಜಿ ಉಣಿಸುತ್ತಿದ್ದಳು. ಹೊರಕೋಣೆಯಲ್ಲಿ ಭಾವನ ದನಿ: “ಈಗಲಾದ್ರೂ ಹಾಕೋಣಮ್ಮ, ಇನ್ನೂ ಏರುತ್ತೆ.”

“ಬೇಡ,” ಎಂದರು ಅತ್ತೆ. “ಅವಳು ಬೇಡ ಅಂದಿದ್ದಾಳೆ.”

ಸೊಸೆಯ ಕೈಯ ಚಮಚ ನಿಂತಿತು. ಅತ್ತೆ ಒಳಗೆ ಬಂದರು. ಅವಳತ್ತ ನೋಡಲಿಲ್ಲ, ಮಗುವಿಗೆ ಕೈ ಚಾಚಲೂ ಇಲ್ಲ. ನೀರು ಕುಡಿದು, ಲೋಟ ತೊಳೆದಿಟ್ಟು, ಬಂದ ಹಾಗೇ ಹೊರಗೆ ಹೋದರು.

ಮಗು ಬಾಯಿ ತೆರೆದು ಕಾಯುತ್ತಿತ್ತು. ಅವಳು ಮತ್ತೆ ಉಣಿಸತೊಡಗಿದಳು.