ಸೋಮಾರಿ ಹೂವಿನ ಸಾಕ್ಷಿ

"ಸಹಿನೂ ಹಾಕಲ್ಲ, ಹೆಬ್ಬೆಟ್ಟೂ ಒತ್ತಲ್ಲ. ಏನು ಮಾಡ್ಕೋತೀರೋ ಮಾಡ್ಕೊಳ್ಳಿ!"

ಮಾಲಿಯಮ್ಮ ತಪ್ಪೊಪ್ಪಿಗೆಯ ಕಾಗದವನ್ನು ನಿರ್ದೇಶಕರ ಕಡೆಗೇ ತಳ್ಳಿದಾಗ ನಾನೂ ನಮ್ಮಕ್ಕನೂ ಬಾಗಿಲಲ್ಲಿ ನಿಂತಿದ್ದೆವು. ಅಕ್ಕ ಆ ಸಸ್ಯತೋಟದ ಸಂಗ್ರಹಾಲಯದಲ್ಲಿ ಮೂವತ್ತು ವರ್ಷ ಒಣಗಿದ ಗಿಡಗಳನ್ನು ಹಾಳೆಗೆ ಹೊಲಿದವಳು. ನಿವೃತ್ತಳಾದ ಮೇಲೂ ನಾವಿಬ್ಬರೂ ತೋಟದ ವಸತಿಯಲ್ಲೇ ಇದ್ದೆವು. ಅಲ್ಲಿ ಏನು ಕಳೆದರೂ ಅವಳಿಗೇ ಕರೆ ಬರುತ್ತಿತ್ತು.

ಈ ಸಲ ಕಳೆದದ್ದು ಒಂದು ಹೂವು. ಸೇವಂತಿಗೆಗೆ ದೂರದ ದಾಯಾದಿಯಾದ ಬಡಕಲು ಗಿಡ, ತುದಿಯಲ್ಲಿ ಒಂದೇ ಒಂದು ಹಳದಿ ಹೂವು. ಲೋಕಕ್ಕೇ ಹೊಸ ಗಿಡವೆಂದು ಸಂಗ್ರಹಾಲಯದ ಮುಖ್ಯಸ್ಥರು ಡಂಗುರ ಸಾರಿದ್ದರು. ಅವರನ್ನು ಎಲ್ಲರೂ ಪಂಡಿತರು ಅನ್ನುತ್ತಿದ್ದರು. ಬೀಜ ಬಲಿತ ಮೇಲೆ ಹೊರಗಿನ ತಜ್ಞರು ಬಂದು ತೀರ್ಪು ಹೇಳುವವರಿದ್ದರು. ಬೀಜ ನೋಡದೆ ಅದರ ಜಾತಿ ಹೇಳಲಾಗುತ್ತಿರಲಿಲ್ಲ. ಮಾಲಿಯಮ್ಮ ಮಾತ್ರ ಅದಕ್ಕೆ 'ಸೋಮಾರಿ' ಎಂದು ಹೆಸರಿಟ್ಟಿದ್ದಳು.

ಗಾಜಿನಮನೆಯ ಬೀಗದಕೈ ಮಧ್ಯಾಹ್ನ ಹನ್ನೆರಡರವರೆಗೆ ಪಂಡಿತರದು, ಆಮೇಲೆ ಅವಳದು. ಸಂಜೆ ನೀರು ಹಾಕಲು ಹೋದ ಅವಳೇ ಹೂವಿಲ್ಲವೆಂದು ಕೂಗಿದ್ದಳು. ಹೊರಗೆ ಮೊಳೆಗೆ ತೂಗುಹಾಕಿದ್ದ ಅವಳ ಬುತ್ತಿಚೀಲವನ್ನು ಪಂಡಿತರು ತೆಗೆಸಿ ನೋಡಿದರೆ, ಹಳೇ ಪತ್ರಿಕೆಯ ಮಡಿಕೆಯಲ್ಲಿ ಎಲೆಸಮೇತ ಒತ್ತಿಟ್ಟ ಆ ಹೂವಿನ ಕಡ್ಡಿ!

"ಒಂದು ಗಂಟೆಗೆ ಗಾಜಿನಾಚೆಯಿಂದ ನಾನೇ ನೋಡ್ದೆ," ಅಂದರು ಪಂಡಿತರು. "ಪೂರ್ತಿ ಅರಳಿ ನಗ್ತಾ ಇತ್ತು."

"ಆ ಸೋಮಾರಿನ ಕದಿಯೋಕೆ ನನಗೇನು ರೋಗ ಬಂದಿತ್ತಾ? ಬೇಲಿ ಆಚೆ ಚರಂಡಿ ಪಕ್ಕ ಬೇಕಾದಷ್ಟು ಬಿದ್ದಿದೆ. ಮೊನ್ನೆ ನಿಮಗೂ ಹೇಳಿದ್ನಲ್ಲ!"

ಪಂಡಿತರು ನಕ್ಕರು. ನಿರ್ದೇಶಕರು ವರಾಂಡಕ್ಕೆಲ್ಲ ಕೇಳುವಂತೆ "ಕಳ್ಳಿ!" ಎಂದು ಗುಡುಗಿದರು. "ನಾಳೆ ಮಧ್ಯಾಹ್ನದೊಳಗೆ ಸಹಿ ಬೀಳಬೇಕು. ಇಲ್ಲಾಂದ್ರೆ ಪೊಲೀಸು."

ಸಹಿ ಹಾಕಿದರೆ ಹತ್ತೊಂಬತ್ತು ವರ್ಷದ ಕೆಲಸ ಹೋಗುತ್ತಿತ್ತು, ಹಾಕದಿದ್ದರೆ ಠಾಣೆ.

ಅಕ್ಕ ಪತ್ರಿಕೆ ಬಿಡಿಸಿ ಬಹಳ ಹೊತ್ತು ನೋಡಿದಳು. ನಾನೂ ಇಣುಕಿದೆ. ಹೂವು ಅಗಲವಾಗಿ ಅರಳಿತ್ತು. ಎಲೆಗಳೆಲ್ಲ ಮೇಲ್ಮುಖವಾಗಿದ್ದವು, ಒಂದು ಮಾತ್ರ ಮಗುಚಿ ಬೆನ್ನು ತೋರಿಸುತ್ತಿತ್ತು.

"ನಾಳೆ ಹನ್ನೊಂದಕ್ಕೆ ಎಲ್ಲರೂ ಇಲ್ಲೇ ಸೇರೋಣ," ಅಂದಳು ಅಕ್ಕ.

ಮರುದಿನ ಅವಳು ಚರಂಡಿ ಪಕ್ಕದಿಂದ ಬೇರುಸಮೇತ ಕಿತ್ತ ಗಿಡವೊಂದನ್ನು ಹಳೇ ಡಬ್ಬದಲ್ಲಿ ತಂದು ಕಿಟಕಿಯ ಬಿಸಿಲಿಗಿಟ್ಟಳು. ಅದೇ ಎಲೆ, ಅದೇ ಹಳದಿ. ನಾಲ್ಕು ಹೂವು ಅರಳಿದ್ದವು.

"ಹನ್ನೆರಡರವರೆಗೆ ಯಾರೂ ಏಳಬಾರದು."

"ನನಗೆ ಕೆಲಸ ಇದೆ, ಅಮ್ಮಾ," ಅಂದರು ನಿರ್ದೇಶಕರು.

"ಇವಳಿಗೂ ಇತ್ತು, ಸಾರ್. ಕಿತ್ಕೊಳ್ಳೋಕೆ ಹೊರಟಿದ್ದೀರಲ್ಲ, ಕೂತ್ಕೊಳ್ಳಿ."

ಕೂತರು. ಮಾಲಿಯಮ್ಮ ಮಾತ್ರ ಗೋಡೆಗೊರಗಿ ನಿಂತೇ ಇದ್ದಳು. ಹನ್ನೊಂದೂವರೆಗೆ ಹೂಗಳ ಅಂಚು ಮೇಲೇಳತೊಡಗಿತು. ಹನ್ನೆರಡಕ್ಕೆ ನಾಲ್ಕೂ ಮುಷ್ಟಿ ಬಿಗಿದಂತೆ ಮುಚ್ಚಿಕೊಂಡವು.

"ನೋಡಿದ್ರಾ ಸೋಮಾರಿನ?" ಅಂದಳು ಅಕ್ಕ. "ಒಂದು ಗಂಟೆಗೆ ಇದು ನಗೋದಿಲ್ಲ, ಪಂಡಿತರೇ. ಅರಳಿದ ಹೂ ಒತ್ತಿದ್ದಾರೆ ಅಂದ್ರೆ ಬೆಳಗ್ಗೆಯೇ ಕತ್ತರಿಸಿದ್ದು. ಬೆಳಗ್ಗೆ ಬೀಗದಕೈ ನಿಮ್ಮದು. ಜೀವಮಾನವಿಡೀ ಒಣ ಹೂ ನೋಡಿದವರು ನೀವು, ಹಸಿ ಹೂ ಯಾವಾಗ ಮಲಗುತ್ತೆ ಅಂತ ಗೊತ್ತಾಗಲಿಲ್ಲ. ಇನ್ನು ಈ ಎಲೆ. ಬೆನ್ನೂ ಕಾಣಲಿ ಅಂತ ಒಂದನ್ನ ಮಗುಚಿ ಒತ್ತೋದು ಸಂಗ್ರಹಾಲಯದವರ ಪದ್ಧತಿ. ಕದ್ದ ಹೂವನ್ನೂ ಶಾಸ್ತ್ರೋಕ್ತವಾಗಿ ಒತ್ತಿದ್ರಿ! ಕೈ ಮಾತು ಕೇಳಲಿಲ್ಲ, ಅಲ್ವಾ?"

"ಆದ್ರೆ ಯಾಕೆ?" ನಿರ್ದೇಶಕರ ದನಿ ಇಳಿದಿತ್ತು.

"ಮಾಲಿಯಮ್ಮ ಹೇಳಿದ ಮೇಲೆ ಹೋಗಿ ನೋಡಿರ್ತಾರೆ. ಅವರ ಹೊಸ ಗಿಡ ದಾರಿಬದಿಯ ಕಳೆ. ಬೀಜವಾಗದಿದ್ರೆ ಪರೀಕ್ಷೆ ಇಲ್ಲ. ನಿಜ ಬಲ್ಲವಳು ಕಳ್ಳಿ ಅನ್ನಿಸಿಕೊಂಡ್ರೆ ಅವಳ ಮಾತು ಯಾರು ನಂಬ್ತಾರೆ?"

ಪಂಡಿತರು ಕನ್ನಡಕ ತೆಗೆದರು. "ಈ ಗಿಡದ ಮೇಲೆ ಆರು ವರ್ಷದ ಬರಹ..." ಎಂದಷ್ಟೇ ಅಂದರು.

ನಿರ್ದೇಶಕರು ಗಂಟಲು ಸರಿಮಾಡಿಕೊಂಡರು. "ಆಯ್ತಮ್ಮ, ಹೋಗಿ ಕೆಲಸ ನೋಡ್ಕೋ."

ಮಾಲಿಯಮ್ಮ ಅಲ್ಲಾಡಲಿಲ್ಲ. "ಎಲ್ಲರ ಕಿವಿಗೂ ಬೀಳೋ ಹಾಗೆ ಕಳ್ಳಿ ಅಂದ್ರಿ. ಅಲ್ಲ ಅಂತಾನೂ ಹಾಗೇ ಹೇಳ್ಬೇಕು."

"ಈಗ ಎಲ್ಲರೂ ಊಟಕ್ಕೆ ಹೋಗಿದ್ದಾರಲ್ಲಮ್ಮ."

"ಬರಲಿ. ನನಗೇನು ಅವಸರ?"

ಅವಳು ಅವರೆದುರಿನ ಕುರ್ಚಿ ಎಳೆದು ಕೂತಳು. ಹತ್ತೊಂಬತ್ತು ವರ್ಷದಲ್ಲಿ ಆ ಕೋಣೆಯಲ್ಲಿ ಅವಳು ಕೂತದ್ದು ಅದೇ ಮೊದಲು. ಒಂದೂವರೆಗೆ ನಿರ್ದೇಶಕರು ವರಾಂಡಕ್ಕೆ ಹೋಗಿ ಕೂಗಿ ಹೇಳಿದರು. ಎರಡು ಸಲ ಹೇಳಬೇಕಾಯಿತು. ಮೊದಲನೆಯದು ಹಿಂದಿನ ಸಾಲಿಗೆ ಕೇಳಿಸಲಿಲ್ಲ ಅಂದಳು ಮಾಲಿಯಮ್ಮ.