ಮೀಟರ್ ತೋರಿಸದ ದೂರ

"ಈ ಗಾಡಿ ತಗೋಬ್ಯಾಡ್ರಿ."

ಚೈನಿನ ಸಡಿಲ ಅಳೆಯಲು ಮೊಣಕಾಲೂರಿ ಕುಳಿತಿದ್ದ ಶಾಂತಕುಮಾರಿ ತಲೆ ಎತ್ತಿದಳು. ಕೈಯಲ್ಲಿ ಸ್ಕೇಲು, ಬೆರಳಿಗೆಲ್ಲ ಗ್ರೀಸು. ಎದುರಿಗೆ ಎತ್ತರದ ಆಳೊಬ್ಬ ಹೆಲ್ಮೆಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ನಿಂತಿದ್ದ.

"ಹೆಣ್ಮಗಳು ಅಂತ ಹೇಳ್ತೀರೇನು?"

"ಯಾರು ಕೇಳಿದ್ರೂ ಹಿಂಗ ಹೇಳ್ತೀನ್ರಿ."

"ನೀವ್ಯಾರು?"

"ಗಾಡಿ ಮಾಲಕ. ಹುಲುಗೇಶ ಅಂತ."

ಕೊಟ್ಟೂರಿನ ಗ್ಯಾರೇಜಿನ ಜಂಬಯ್ಯ ಹಣೆ ಚಚ್ಚಿಕೊಂಡ. "ಲೇ, ಮಾರಾಕ ಇಟ್ಟೀಯೋ, ಬೈಯಾಕ ಇಟ್ಟೀಯೋ?"

ಎರಡು ಸಾವಿರದ ಆರರ ನವೆಂಬರ್ ಅದು. ಶಾಂತಕುಮಾರಿ ಭೌತಶಾಸ್ತ್ರದ ಅತಿಥಿ ಉಪನ್ಯಾಸಕಿ. ಮನೆ ಕೂಡ್ಲಿಗಿ. ಬೆಳಗಿನ ಪಾಠ ಕೊಟ್ಟೂರಿನಲ್ಲಿ, ಮಧ್ಯಾಹ್ನದ್ದು ಹಗರಿಬೊಮ್ಮನಹಳ್ಳಿಯಲ್ಲಿ, ವಾರಕ್ಕೆರಡು ದಿನ ಹಡಗಲಿ. ಬಸ್ಸುಗಳ ಸಮಯ ಒಂದಕ್ಕೊಂದು ಕೂಡುತ್ತಿರಲಿಲ್ಲ. ಆ ವರ್ಷ ಬಸ್ಸು ತಪ್ಪಿಯೇ ಒಂಬತ್ತು ತರಗತಿ ಹೋಗಿದ್ದವು.

ಸ್ಕೂಟಿ ಸಾಕು ಎಂದಿದ್ದರು ಎಲ್ಲರೂ. ಆದರೆ ಆ ದಾರಿಯಲ್ಲಿ ದಿನಕ್ಕೆ ನೂರಿಪ್ಪತ್ತು ಕಿಲೋಮೀಟರು ಸ್ಕೂಟಿಯಿಂದ ಆಗುವ ಕೆಲಸವಲ್ಲ. ಅವಳಿಗೆ ಬೇಕಿದ್ದದ್ದು ಮುಂದೆ ಗಾಳಿ ತಡೆಯುವ ಕವಚವಿರುವ, ವೇಗಕ್ಕೂ ದೂರಕ್ಕೂ ಹೊಂದುವ ದೊಡ್ಡ ಬೈಕು. ಹೊಸದು ಕೈಗೆಟುಕದು. ಹಾಗಾಗಿ ಓಡಿಸಿದವರನ್ನೆಲ್ಲ ಕೇಳಿ, ಅಭಿಪ್ರಾಯ ಬರೆದುಕೊಂಡು, ಹಳೆಯದೊಂದನ್ನು ಆರಿಸಲು ಹೊರಟಿದ್ದಳು.

ಅದುವರೆಗೆ ಕಂಡ ಆರು ಮಾಲೀಕರೂ ಹೇಳಿದ್ದು ಒಂದೇ ಮಾತು: "ಬೆಣ್ಣಿ ಐತ್ರಿ ಗಾಡಿ."

ಇವನೊಬ್ಬ ಮಾತ್ರ ದೋಷ ಎಣಿಸುತ್ತಿದ್ದ, ಅವಳು ಬರೆದುಕೊಳ್ಳುತ್ತಿದ್ದಳು. "ಸಂತ್ಯಾಗ ನಿಧಾನ ಹೋದ್ರ ಇಂಜಿನ್ನು ಕಾಯ್ತೈತಿ. ಬಿಡಿಭಾಗ ಬೇಕಂದ್ರ ದಾವಣಗೆರಿಗೆ ಹೋಗಬೇಕು. ಬಿದ್ರ ಎತ್ತಾಕ ಇನ್ನೊಬ್ರು ಬೇಕು."

"ಮತ್ತ ನೀವ್ಯಾಕ ಇಟ್ಕೊಂಡಿದ್ರಿ?"

ಅವನು ಬೈಕಿನ ಟ್ಯಾಂಕಿನ ಮೇಲೆ ಕೈಯಿಟ್ಟ. "ಮೂರು ವರ್ಷ ಕುರಿಹಟ್ಟಿಗೋಳಿಗೆ ಔಷಧ ಹೊತ್ತು ತಿರುಗೀನಿ. ಒಂದಿನಾನೂ ನಡುದಾರ್ಯಾಗ ಕೈ ಬಿಟ್ಟಿಲ್ರಿ ಇದು. ಈಗ ಇಲ್ಲೇ ಪಶು ಔಷಧದ ಅಂಗಡಿ ಹಾಕೀನಿ. ಸುಮ್ನ ನಿಲ್ಲಿಸಾಕ ಮನಸ್ಸಿಲ್ಲ."

ಶಾಂತಕುಮಾರಿ ಬರೆಯುವುದನ್ನು ಮರೆತು ಅವನನ್ನೇ ನೋಡಿದಳು. *ಮಾರುವವನು ಹೀಗೂ ಮಾತಾಡಬಹುದಾ...*

*

ನಂತರದ ಮೂರು ಭಾನುವಾರ ಅವನೇ ಅವಳನ್ನು ಅದೇ ಮಾದರಿಯ ಬೈಕು ಇಟ್ಟವರ ಬಳಿಗೆ ಕರೆದೊಯ್ದ. ಅವನ ಕೆಂಪು ಬೈಕಿನಲ್ಲಿ ಅವಳು. ಜಂಬಯ್ಯನ ಲೂನಾ ಮೊಪೆಡ್ಡಿನಲ್ಲಿ ಹಿಂದೆ ಅವನು. ಪ್ರತಿ ತಿರುವಿನಲ್ಲೂ ಅವಳು ನಿಂತು ಕಾಯಬೇಕಾಗುತ್ತಿತ್ತು. ಹಾಗೆ ಕಾಯುವುದು ಅವಳಿಗೆ ಹಿತವೆನಿಸತೊಡಗಿತು.

ಹರಪನಹಳ್ಳಿಯ ಗುತ್ತಿಗೆದಾರ ಶಿವಯೋಗಿ ಒಂದೇ ಮಾತಿನಲ್ಲಿ ಮುಗಿಸಿದ. "ಓಡಿಸಿದ್ರೆ ಕುದುರೆ ಕಣ್ರೀ, ನಿಲ್ಸಿದ್ರೆ ಎಮ್ಮೆ."

ಹಡಗಲಿಯಲ್ಲಿ ಮಾಲೀಕ ಮನೆಯಲ್ಲಿರಲಿಲ್ಲ. ಅವನ ಹೆಂಡತಿ ತಿಪ್ಪೇರುದ್ರಮ್ಮ ಚಹಾ ಕೊಟ್ಟು ಎದುರಿಗೆ ಕುಳಿತಳು.

"ಹಿಂದ ಕುಂತೋರನ್ನ ಯಾರೂ ಕೇಳಂಗಿಲ್ಲ ನೋಡವ್ವ. ಬಾಗಳಿ ಗುಡಿಗೆ ಹೋಗಿ ಬರೋದ್ರಾಗ ಸೊಂಟ ನನ್ನದಲ್ಲ ಅನಸ್ತೈತಿ. ನೀವಿಬ್ರೂ ಹಿಂದಿನ ಸೀಟು ನೋಡೀರೋ ಇಲ್ಲೋ?"

ಹುಲುಗೇಶ ಚಹಾ ನುಂಗಲಾರದೆ ಕೆಮ್ಮಿದ. ಶಾಂತಕುಮಾರಿಯ ಕಿವಿ ಬಿಸಿಯಾದವು.

ಮನೆಯಲ್ಲಿ ಅವ್ವ ಕೆಂಚಕ್ಕ ಜೋಳ ಹಸನು ಮಾಡುತ್ತಲೇ ಕೇಳಿದಳು. "ಗಾಡಿ ನೋಡಾಕ ಹೋಗ್ತಿಯೋ, ಗಂಡ ನೋಡಾಕ ಹೋಗ್ತಿಯೋ?"

"ಅವ್ವಾ..."

"ಕೇಳಿದೆ ಅಷ್ಟ. ಯಾವುದಾದ್ರೂ ಒಂದು ಮನಿಗೆ ಬರಲಿ."

ಶಾಂತಕುಮಾರಿ ನಗಲಿಲ್ಲ. ಅದೇ ಪ್ರಶ್ನೆ ಅವಳೊಳಗೂ ಇತ್ತು.

*

ನಾಲ್ಕನೆಯ ಭಾನುವಾರಕ್ಕೆ ಮುಂಚೆ, ಹುಲುಗೇಶ ಕೊಟ್ಟಿದ್ದ ಗ್ಯಾರೇಜಿನ ಚೀಟಿಗಳನ್ನು ಅವಳು ಹರಡಿಕೊಂಡಳು. ಎಣ್ಣೆ ಬದಲಿಸಿದಾಗಲೆಲ್ಲ ಮೀಟರಿನ ಅಂಕಿ ಬರೆದ ಚೀಟಿಗಳು. ಜೂನ್, ಆಗಸ್ಟ್, ಅಕ್ಟೋಬರ್.

ಮೂರು ಅಂಕಿಗಳ ನಡುವಿನ ವ್ಯತ್ಯಾಸ ಇನ್ನೂರು ಕಿಲೋಮೀಟರನ್ನೂ ದಾಟಿರಲಿಲ್ಲ.

ಎರಡು ಸಲ ಕೂಡಿದಳು, ಕಳೆದಳು. ದಿನವೂ ಹಟ್ಟಿಯಿಂದ ಹಟ್ಟಿಗೆ ಓಡಿದ ಬೈಕು. ಇನ್ನೂರು ಕಿಲೋಮೀಟರಿಗೆ ಮೂರು ಸಲ ಎಣ್ಣೆ ಬದಲಿಸುವವರು ಯಾರು? ಅರ್ಥ ಒಂದೇ. ಮೀಟರಿನ ವೈರು ಬಿಚ್ಚಿದ್ದಾನೆ. ಓಡಿದ್ದನ್ನು ಮುಚ್ಚಿಟ್ಟಿದ್ದಾನೆ.

*ದೋಷ ಹೇಳಿದ್ದೂ ನಂಬಿಸುವುದಕ್ಕೇನಾ... ನಾನು ಎಷ್ಟು ಸಲೀಸಾಗಿ ನಂಬಿಬಿಟ್ಟೆ!*

ಮರುದಿನ ಅವನ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಕೇಳಿದಳು. "ಮೀಟರ್ ವೈರು ಬಿಚ್ಚಿದ್ರೇನು?"

"ಹೌದ್ರಿ, ಬಿಚ್ಚಿದ್ದೆ." ಅವನ ಮುಖದಲ್ಲಿ ಅಳುಕೇ ಇರಲಿಲ್ಲ. ಅದೇ ಅವಳನ್ನು ಇನ್ನಷ್ಟು ಇರಿಯಿತು.

"ಹೌದಂತೀರಿ... ಇಷ್ಟು ನಾಚಿಗಿಲ್ಲದಂಗ? ಮೋಸ ಮಾಡೋರು ನಿಮ್ಮಂಗ ಸಂಭಾವಿತರ ಗತಿ ಇರ್ತಾರ ಅಂತ ಗೊತ್ತಿರಲಿಲ್ಲ."

ಅವನು ಏನೋ ಹೇಳಲು ಬಾಯಿ ತೆರೆದ. 'ಮೋಸ' ಎಂಬ ಮಾತು ಅವನಿಗೆ ನಾಟಿತ್ತು. "ಯಾಕ ಬಿಚ್ಚಿದೆ ಅಂತ ಕೇಳಂಗಿಲ್ಲೇನ್ರಿ?" ಎಂದ, ಮೆಲ್ಲಗೆ.

ಅವಳಾಗಲೇ ರಸ್ತೆ ದಾಟಿದ್ದಳು.

*

ಬಂಗಾಳಕೊಲ್ಲಿಯ ಕಡೆಯಿಂದ ಬಂದ ಮಳೆ ಎರಡು ದಿನ ಬಿಡದೆ ಜಿನುಗಿತು. ಮೂರನೆಯ ದಿನ ಶಾಂತಕುಮಾರಿ ಇನ್ನೊಂದು ಹಳೆಯ ಬೈಕು ನೋಡಲು ಇಟ್ಟಿಗಿಗೆ ಹೋದಳು. ಮಾಲೀಕ ಶಾಲಾ ಮೇಷ್ಟ್ರು ಗಂಗಪ್ಪ.

ಅಂಗಳದಲ್ಲಿ ನಿಂತ ಬೈಕಿಗೆ ಮುಂದಿನ ಮಡ್‌ಗಾರ್ಡೇ ಇರಲಿಲ್ಲ. ಮೀಟರಿನ ವೈರನ್ನು ಬಿಚ್ಚಿ, ಅರಿವೆ ಚೂರಿನಿಂದ ಹ್ಯಾಂಡಲ್ಲಿಗೆ ಕಟ್ಟಲಾಗಿತ್ತು.

ಅವಳ ಹುಬ್ಬು ಗಂಟಾಯಿತು. "ಎಲ್ಲಾ ಹಾಕಿ ಕೊಡ್ರಿ ಮೇಷ್ಟ್ರೇ. ಪೂರ್ತಿ ಗಾಡಿ ಓಡಿಸಿ ನೋಡಬೇಕು ನಾನು."

"ಈ ಹಸೀ ಹೊಲದ ದಾರ್ಯಾಗ?"

ಒಳಗಿಂದ ಅವನ ಹೆಂಡತಿ ಅಂಜಿನಕ್ಕ ಕೂಗಿದಳು. "ಹಾಕಿ ಕೊಡ್ರಿ ಅತ್ಲಾಗ. ಓದಿದೋರು ಒಂದ್ಸಲ ಸಿಕ್ಕೊಂಡ್ರನ ತಿಳಿಯೋದು."

ಗಂಗಪ್ಪ ನಗುತ್ತಲೇ ಮಡ್‌ಗಾರ್ಡ್ ಹಾಕಿ, ವೈರು ಜೋಡಿಸಿದ. ಶಾಂತಕುಮಾರಿ ಹೊರಟಳು. ನೂರು ಮಾರು ಹೋಗಿರಬಹುದು. ಕಪ್ಪು ಎರೆಮಣ್ಣು ಚಕ್ರಕ್ಕೆ ಹಿಟ್ಟಿನ ಹಾಗೆ ಮೆತ್ತಿಕೊಳ್ಳುತ್ತ, ಮಡ್‌ಗಾರ್ಡಿನೊಳಗೆ ಗಟ್ಟಿಯಾಗಿ ತುಂಬಿತು. ಮುಂದಿನ ಚಕ್ರ ತಿರುಗುವುದನ್ನೇ ನಿಲ್ಲಿಸಿತು. ಬೈಕು ಜಾರಿ ವಾಲಿತು. ಅವಳು ಮೊಣಕಾಲಿನವರೆಗೆ ಕೆಸರಲ್ಲಿ ನಿಂತಿದ್ದಳು.

ಅಂಜಿನಕ್ಕ ಕಳೆ ತೆಗೆಯುವ ಕುರುಪಿ ಹಿಡಿದು ಬಂದು ಮಣ್ಣು ಕೆರೆಯತೊಡಗಿದಳು. "ಯಾವೂರು ನಿಂದು?"

"ಕೂಡ್ಲಿಗಿ."

"ಅದಕ್ಕ ಮತ್ತ. ನಿಮ್ಮದು ಕೆಂಪು ಮಣ್ಣು, ಮಳಿ ಬಂದ್ರೂ ನಡೀತೈತಿ. ನಮ್ಮದು ಹಿಡಕೊಂಡ್ರ ಬಿಡಂಗಿಲ್ಲ. ಮಳಿಗಾಲ ಹಿಡೀತಂದ್ರ ಈ ಕಡಿ ಎಲ್ರೂ ಮುಂದಿಂದು ಬಿಚ್ಚಿ ಅಟ್ಟದ ಮ್ಯಾಲ ಒಗೀತಾರ."

"ಮತ್ತ... ಮೀಟರ್ ವೈರು?"

"ಕೆಸರು ತುಂಬಿ ಪಟ್ಟಂತ ತುಂಡಾಗ್ತೈತಿ. ಅದನ್ನೂ ಬಿಚ್ಚಿ ಕಟ್ಟತಾರ."

ಶಾಂತಕುಮಾರಿ ದಾರಿಯುದ್ದಕ್ಕೂ ಕಣ್ಣು ಹಾಯಿಸಿದಳು. ಕಟ್ಟೆಯ ಬಳಿ ನಿಂತಿದ್ದ ಐದು ಬೈಕುಗಳಲ್ಲಿ ಒಂದಕ್ಕೂ ಮುಂದಿನ ಮಡ್‌ಗಾರ್ಡಿಲ್ಲ. ಐದರಲ್ಲೂ ವೈರು ಹ್ಯಾಂಡಲ್ಲಿಗೆ ಸುತ್ತಿತ್ತು.

ಹುಲುಗೇಶ ಕೊಟ್ಟ ಚೀಟಿಗಳು ನೆನಪಾದವು. ಮುಚ್ಚಿಡುವವನು ಚೀಟಿಗಳನ್ನು ತಾನೇ ಏಕೆ ಕೊಡುತ್ತಿದ್ದ? ಅಷ್ಟು ಲೆಕ್ಕ ಹಾಕಿದವಳಿಗೆ ಒಂದು ಪ್ರಶ್ನೆ ಕೇಳಲಾಗಲಿಲ್ಲ. 'ಯಾಕೆ' ಎಂದು ಕೇಳುವುದನ್ನೇ ಮಕ್ಕಳಿಗೆ ಕಲಿಸುವವಳು...

"ಗಾಡಿ ಒಗ್ಗಲಿಲ್ಲೇನವ್ವ?" ಗಂಗಪ್ಪ ಕೇಳಿದ.

"ಗಾಡಿ ಚೊಲೊ ಐತ್ರಿ ಮೇಷ್ಟ್ರೇ. ನನ್ನ ಮನಸ್ಸು ಬ್ಯಾರೆ ಕಡಿ ಐತಿ."

*

ಕೊಟ್ಟೂರಿನಲ್ಲಿ ಬಸ್ಸಿಳಿದಾಗ ಮಧ್ಯಾಹ್ನ ಎರಡು ಗಂಟೆ. ಹುಲುಗೇಶ ಅಂಗಡಿಯ ಬಾಗಿಲು ಅರ್ಧ ಎಳೆದು ಊಟಕ್ಕೆ ಹೊರಟಿದ್ದ. ಕೆಂಪು ಬೈಕು ಅಲ್ಲೇ ಇತ್ತು. ಇನ್ನೂ ಮಾರಿಲ್ಲವೆಂದು ಅವಳಿಗೆ ಹೋದ ಜೀವ ಬಂದಂತಾಯಿತು.

"ಯಾಕ ಬಿಚ್ಚಿದ್ರಿ ಅಂತ ಕೇಳಾಕ ಬಂದೀನಿ."

ಅವನು ಅವಳ ಕೆಸರಾದ ಕಾಲು ನೋಡಿದ. "ಎಲ್ಲಿ ಸಿಕ್ಕೊಂಡಿದ್ರಿ?"

"ಇಟ್ಟಿಗ್ಯಾಗ."

"ಮತ್ತ ಉತ್ತರ ನಿಮಗ ಸಿಕ್ಕೈತಲ್ಲ."

"ನಿಮ್ಮ ಬಾಯಿಂದ ಕೇಳಬೇಕು. ಆವತ್ತ ಕೇಳಬೇಕಿತ್ತು." ಅವಳು ಒಂದು ಮೆಟ್ಟಿಲು ಹತ್ತಿದಳು. "ತಪ್ಪು ನಂದು. ಮೋಸ ಅಂದದ್ದು... ಅದನ್ನ ನೆನಿಸ್ಕೊಂಡ್ರ ನನಗ ಉಣ್ಣಾಕ ಆಗವಲ್ದು."

ಅವನು ಬೈಕಿನ ಮೀಟರಿನ ಗಾಜನ್ನು ಹೆಬ್ಬೆರಳಿನಿಂದ ಒರೆಸಿದ. ಆಮೇಲೆ ಹೇಳಿದ. "ನನ್ನದೂ ಐತ್ರಿ. ಮೀಟರ್ ತೋರಿಸಿದ್ದಕ್ಕಿಂತ ಹತ್ತು ಸಾವಿರ ಕಿಲೋಮೀಟರ್ ಹೆಚ್ಚಿಗಿ ಓಡೈತಿ. ಈ ಕಡಿ ಎಲ್ರಿಗೂ ಗೊತ್ತಿರೋ ಮಾತಂತ ಹೇಳೋದ ಮರ್ತೆ. ನಿಮ್ಮದು ಕೆಂಪು ಮಣ್ಣಿನ ಊರು ಅನ್ನೋದು ಹೊಳೀಲಿಲ್ಲ."

"ಬ್ಯಾರೆ ಯಾರಿಗಾದ್ರೂ ಮಾತು ಕೊಟ್ಟೀರೇನು?"

"ಇಬ್ರು ಬಂದಿದ್ರು. ಕೊಡಲಿಲ್ಲ."

"ಯಾಕ?"

ಈ ಸಲ ಅವಳು ಉತ್ತರಕ್ಕಾಗಿ ನಿಂತಳು. ಅವನು ಬೀಗವನ್ನು ಕೈಯಿಂದ ಕೈಗೆ ಬದಲಿಸಿದ.

"ಗಾಡಿ ಹೋದ್ರ ನೀವು ಈ ಬೀದಿಗೆ ಬರಾಕ ಕಾರಣ ಇರಂಗಿಲ್ಲ ಅನಿಸ್ತು. ಬೈಸ್ಕೊಂಡಾಗಲೂ ಹಂಗ ಅನಿಸ್ತು. ಭಾನುವಾರ ಬಂದ್ರ ಲೂನಾ ತೊಳದು ಇಟ್ಕೊಂಡು ಕುಂತಿರ್ತಿದ್ದೆ."

ಅವಳ ಕಣ್ಣು ತುಂಬಿ ಬಂದವು. "ನಾನು ಬರೇ ಗಾಡಿಗೆ ಬರ್ತಿರಲಿಲ್ಲ ಹುಲುಗೇಶ. ಮೊದಲನೇ ಭಾನುವಾರ ಅಷ್ಟ ಗಾಡಿಗೆ ಬಂದಿದ್ದೆ. ಆಮ್ಯಾಲಿಂದು ನಿಮ್ಮ ಸಲುವಾಗಿ ಬಂದದ್ದು."

ಎದುರಿನ ಹೋಟೆಲಿನವ ಬಗ್ಗಿ ನೋಡುತ್ತಿದ್ದ. ಇಬ್ಬರಿಗೂ ಅದರ ಗೊಡವೆ ಇರಲಿಲ್ಲ.

"ಉಣ್ಣಾಕ ಆಗವಲ್ದು ಅಂದ್ರಲ್ಲ," ಅವನು ಬೀಗ ಹಾಕುತ್ತ ಕೇಳಿದ, "ಈಗ?"

"ಈಗ ಹಸಿವಾಗೈತಿ."

"ಬರ್ರಿ. ಮನಿ ಎರಡನೇ ಓಣ್ಯಾಗ ಐತಿ. ಅವ್ವ ರೊಟ್ಟಿ ಬಡಿಯಾಕ ಹತ್ತ್ಯಾಳ."

ಅವಳು ಕಾಲು ಹಿಂದೆಳೆದಳು. "ಈ ಕೆಸರುಗಾಲಾಗ? ಮೊದಲ್ನೇ ಸಲ ನಿಮ್ಮವ್ವನ ಮುಂದ ಹಿಂಗ ನಿಲ್ಲಲಾ?"

"ಹಿಂಗ ಬರ್ರಿ. ನಮ್ಮವ್ವನ ತವರುಮನಿ ಇಟ್ಟಿಗಿ." ಅವನ ಮುಖದಲ್ಲಿ ಮೊದಲ ಬಾರಿಗೆ ನಗು ಅರಳಿತು. "ತವರು ಮಣ್ಣು ಹೊತ್ಕೊಂಡು ಬಂದ ಸೊಸಿನ್ನ ಆಕಿ ಹೊರಗ ನಿಲ್ಲಸಂಗಿಲ್ಲ."

"ಸೊಸಿ ಅಂತ ಯಾರು ಹೇಳಿದ್ರು?"

"ಇನ್ನೂ ಯಾರೂ ಹೇಳಿಲ್ಲ. ನೀವು ಹ್ಞೂ ಅಂದ್ರ ನಾನ ಹೇಳ್ತೀನಿ."

"ಹ್ಞೂ," ಅಂದಳು ಶಾಂತಕುಮಾರಿ.