ಕಾರಣದ ಜಾಗದಲ್ಲಿ

"ಹಲ್ಲು ಕಚ್ಚಿ ಮಾತಾಡಿದರೆ ನಾನು ತುಟಿ ಓದುವುದು ಹೇಗೆ ಮಾರಾಯ್ರೇ?"

ಇಂದುಮತಿ ನಗು ತಡೆದಳು. ದನಿಯಿಲ್ಲದ ಮಾತನ್ನು ತುಟಿ ನೋಡಿಯೇ ತಿಳಿಯುವುದು ನಿತ್ಯಾನಂದನ ಪಾಠ. ಆದರೆ ಅವನ ಕಣ್ಣು ಅವಳ ತುಟಿಯಂಚಿನ ಮಚ್ಚೆಯಲ್ಲಿ ನಿಂತಿತ್ತು.

‘ಮಚ್ಚೆ ಮಾತಾಡಲ್ಲ’ ಎಂದಳು, ದನಿಯಿಲ್ಲದೆ.

"ನನಗೆ ಕೇಳಿಸ್ತದಲ್ಲ!"

ಕಾಸರಗೋಡಿನ ನಿತ್ಯಾನಂದ ಎರ್ನಾಕುಳಂನಲ್ಲಿ ಕಿರಿಯ ವಕೀಲ. ಹೋದ ವರ್ಷ ಬಂದ ಜ್ವರ ಅವನ ಕಿವಿಯನ್ನು ಅರ್ಧ ಕೊಂಡೊಯ್ದಿತ್ತು. ಒಬ್ಬ ಡಾಕ್ಟರು ಇನ್ನೊಬ್ಬರಿಗೆ ಚೀಟಿ ಬರೆದರು, ಅವರು ಮತ್ತೊಬ್ಬರಿಗೆ. ಪ್ರತಿ ಚೀಟಿಯಲ್ಲೂ ಕಾರಣದ ಜಾಗದಲ್ಲಿ ‘ಸುಧಾರಣೆ ಇಲ್ಲ’. ಕೊನೆಯ ಚೀಟಿ ಅವನನ್ನು ತಿರುವನಂತಪುರದ ಈ ಆಸ್ಪತ್ರೆಗೆ, ಮೈಸೂರಿನಲ್ಲಿ ವಾಕ್-ಶ್ರವಣ ಚಿಕಿತ್ಸೆ ಓದಿ ಬಂದ ಇಂದುಮತಿಯ ಎದುರಿಗೆ ತಂದು ಕೂರಿಸಿತ್ತು. ಪ್ರತಿ ಶನಿವಾರ ರೈಲು ಹತ್ತಿ ಬರುತ್ತಿದ್ದ.

ಅಂದು ಬೆಳಿಗ್ಗೆಯಷ್ಟೇ ದೊಡ್ಡ ಡಾಕ್ಟರು ಅವಳನ್ನು ಕರೆಸಿದ್ದರು.

"ಪೇಷೆಂಟ್ ಜೊತೆ ಶಂಖುಮುಖಂ ಬೀಚಿನಲ್ಲಿ ಓಡಾಡ್ತೀಯಂತೆ?"

"ಹೌದು, ಸರ್."

"ಅವನನ್ನು ಎರ್ನಾಕುಳಂಗೆ ವಾಪಸು ಬರೆದುಕೊಡು. ಕಾರಣ, ಸುಧಾರಣೆ ಇಲ್ಲ."

ಕಳಿಸುವುದೇ ಸರಿ ಎಂದು ಅವಳಿಗೂ ಅನ್ನಿಸಿತ್ತು. ಎರ್ನಾಕುಳಂನಲ್ಲಿ ಈಗ ಅವಳ ಸಹಪಾಠಿ ರಾಜೀವಿ ಇದೇ ಪಾಠ ಹೇಳಿಕೊಡುತ್ತಿದ್ದಳು. ಆದರೆ ಆ ಎರಡು ಪದ? ಅವನ್ನು ನೋಡಿದರೆ ಅವನ ಹಿರಿಯ ವಕೀಲರು ಅವನನ್ನು ಮತ್ತೆ ಕೋರ್ಟಿಗೆ ಕರೆದೊಯ್ಯುತ್ತಿರಲಿಲ್ಲ.

ಪಾಠ ಮುಗಿದ ಮೇಲೆ ಚೀಟಿ ಕೊಟ್ಟಳು. ನಿತ್ಯಾನಂದನ ಮುಖ ಬಾಡಿತು.

"ನೀವೂ ದಾಟಿಸಿಬಿಟ್ಟಿರಾ?"

"ಕಾರಣ ಓದಿ."

"ಎಂತ ಓದುವುದು? ಬಾಯಿಪಾಠ ಉಂಟು." ಮಡಚಿ ಜೇಬಿಗಿಟ್ಟು ಹೊರಟ.

ಬೆನ್ನು ತಿರುಗಿಸಿದವನಿಗೆ ತುಟಿಯೂ ಕಾಣದು, ಕೂಗೂ ಸರಿಯಾಗಿ ಕೇಳದು. ಇಂದುಮತಿ ಓಡಿದಳು. ವರಾಂಡದಲ್ಲಿ ಅವನ ದಾರಿಗೆ ಅಡ್ಡ ನಿಂತು, ಜೇಬಿನಿಂದ ತಾನೇ ಚೀಟಿ ತೆಗೆದು ಬಿಡಿಸಿ ಹಿಡಿದಳು.

‘ಸುಧಾರಣೆ ಚೆನ್ನಾಗಿದೆ. ರೋಗಿಯನ್ನು ನಾನು ಪ್ರೀತಿಸುವುದರಿಂದ, ಪಾಠ ಬೇರೆಯವರು ಮುಂದುವರಿಸುವುದು ಸೂಕ್ತ.’

ಓದಿದವನ ಕಿವಿಯವರೆಗೂ ಕೆಂಪೇರಿತು.

ಅಷ್ಟರಲ್ಲಿ ದೊಡ್ಡ ಡಾಕ್ಟರು ಕೋಣೆಯಿಂದ ಹೊರಬಂದರು. ಚೀಟಿ ಕಸಿದು ಓದಿದರು.

"ಏನಿದು ಅಸಂಬದ್ಧ! ಇದಕ್ಕೆ ನಾನು ಸಹಿ ಹಾಕಲ್ಲ."

"ನನ್ನ ಸಹಿ ಇದೆ, ಸರ್. ರಾಜೀವಿಗೆ ಅಷ್ಟು ಸಾಕು."

"ನಿನ್ನ ಕೆಲಸ ಹೋದೀತು!"

"ಸುಳ್ಳು ಬರೆದು ಉಳಿಸಿಕೊಳ್ಳೋ ಕೆಲಸ ನನಗೆ ಬೇಡ, ಸರ್." ಅವಳು ಚೀಟಿಗಾಗಿ ಕೈ ಚಾಚಿದಳು. ಡಾಕ್ಟರು ಚೀಟಿಯನ್ನು ಆ ಕೈಗೆ ತುರುಕಿ ಒಳನಡೆದರು.

"ಕಾಗದದಲ್ಲಿ ಓದಿಯಾಯ್ತು," ನಿತ್ಯಾನಂದ ಮೆಲ್ಲಗೆ ಹೇಳಿದ. "ಇನ್ನು ತುಟಿಯಲ್ಲಿ?"

ದನಿಯಿಲ್ಲದೆ ಹೇಳಿದಳು. ಅವನ ಕಣ್ಣು ಈ ಸಲ ಮಚ್ಚೆಯತ್ತ ಜಾರಲಿಲ್ಲ.

"ಗೊತ್ತಾಗಲಿಲ್ಲ. ಸ್ವಲ್ಪ ಗಟ್ಟಿಯಾಗಿ?"

ಸುಳ್ಳ! ಬೆಂಚಿನ ತುಂಬ ಜನ ನೋಡುತ್ತಿದ್ದರು. ಇಂದುಮತಿ ಉಸಿರು ತುಂಬಿಕೊಂಡಳು.

"ನಿಮ್ಮನ್ನು ಪ್ರೀತಿಸ್ತೀನಿ ಕಣ್ರೀ! ಮುಂದಿನ ಶನಿವಾರ ನಾನೇ ಎರ್ನಾಕುಳಂಗೆ ಬರ್ತೀನಿ. ಸ್ಟೇಷನ್ನಿನಲ್ಲಿ ಕಾಯಿರಿ."